ಕೋರ್ಸ್ ಆಯ್ಕೆಯ ಕೌನ್ಸೆಲಿಂಗ್: ರಿಪೋರ್ಟ್‌ಗೆ ಎರಡು ಸ್ಟಾರ್, ಎರಡನೇ ಭೇಟಿಗೆ ಐದು

ಇಂಥ ಸೇವೆಗಳಿಗೆ ಜನ ರಿವ್ಯೂ ಬರೆಯುವುದು ರಿಪೋರ್ಟ್ ಕೈಗೆ ಬಂದ ದಿನವೇ. ನಾನು ಒಂದೂವರೆ ವರ್ಷ ಕಾದು ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಯಾವ ವಿಷಯ ಓದಬೇಕು ಅಂತ ಕೊಟ್ಟ ಸಲಹೆ ಸರಿ ಇತ್ತಾ ಇಲ್ಲವಾ ಅನ್ನುವುದು ಮಕ್ಕಳು ಆ ವಿಷಯ ಓದಲು ಕೂತ ಮೇಲೆ ತಾನೇ ಗೊತ್ತಾಗುವುದು? ನನ್ನ ಮಗಳು ಮತ್ತು ಅಕ್ಕನ ಮಗ ಇಬ್ಬರೂ ಒಂದೇ ವಾರದಲ್ಲಿ ಈ ಸೇವೆ ತೆಗೆದುಕೊಂಡರು. ಈಗ ಇಬ್ಬರೂ ಕಾಲೇಜಿನ ಎರಡನೇ ವರ್ಷದಲ್ಲಿದ್ದಾರೆ.

ಸಂಸ್ಥೆಯ ಹೆಸರು ಬರೆಯುವುದಿಲ್ಲ. ಹಣ ಕಟ್ಟುವ ಮುಂಚೆ ಇಂಥ ನಾಲ್ಕೈದು ಸೇವೆಗಳನ್ನು ನೋಡಿದ್ದೆ. ಎಲ್ಲದರ ರೀತಿಯೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ನಾನು ಹೇಳುವುದು ಬೇರೆಯವಕ್ಕೂ ಹೊಂದುತ್ತದೆ.

ಮೊದಲು ಕಂಪ್ಯೂಟರಿನಲ್ಲಿ ತುಂಬುವ 140 ಪ್ರಶ್ನೆ. ಮೂರು ದಿನ ಬಿಟ್ಟು 26 ಪುಟದ ರಿಪೋರ್ಟ್. ಆಮೇಲೆ ಕೌನ್ಸೆಲರ್ ಜೊತೆ ಮುಕ್ಕಾಲು ಗಂಟೆಯ ಎರಡು ಭೇಟಿ. ಸಮಯ ಕೊಟ್ಟಿದ್ದು, ಹಿಂದಿನ ದಿನ ನೆನಪಿಸಿದ್ದು, ಫೋನ್ ಮಾಡಿದರೆ ಎತ್ತಿದ್ದು, ಎಲ್ಲ ಚೆನ್ನಾಗಿತ್ತು. ಅದರಲ್ಲಿ ದೂರಿಲ್ಲ.

ದೂರು ಇರುವುದು ಆ 140 ಪ್ರಶ್ನೆಗಳ ಮೇಲೆ.

ಭಾನುವಾರ ಮಧ್ಯಾಹ್ನ ಇಬ್ಬರೂ ನಮ್ಮ ಮನೆಯ ಮೇಜಿನ ಎರಡು ತುದಿಯಲ್ಲಿ ಕೂತಿದ್ದರು. ನಾನು ನೈಟ್ ಡ್ಯೂಟಿ ಮುಗಿಸಿ, ಮಲಗಿ ಆಗಷ್ಟೇ ಎದ್ದಿದ್ದೆ. ನಾನು ಆಸ್ಪತ್ರೆಯಲ್ಲಿ ನರ್ಸ್, ಹತ್ತೊಂಬತ್ತು ವರ್ಷದಿಂದ. ಈ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ. ಅಕ್ಕನ ಮಗ ಟಕಟಕ ಒತ್ತಿ ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿಬಿಟ್ಟ. ಮಗಳು ಗಂಟೆ ದಾಟಿದರೂ ಕೂತೇ ಇದ್ದಳು. ಹೋಗಿ ನೋಡಿದರೆ ಪರದೆಯ ಮೇಲೆ ಹೀಗಿತ್ತು: "ಗಣಿತದ ಸಮಸ್ಯೆಗಳನ್ನು ನಾನು ಸುಲಭವಾಗಿ ಬಿಡಿಸುತ್ತೇನೆ. 1ರಿಂದ 10ರೊಳಗೆ ಒಂದು ಅಂಕಿ ಆರಿಸಿ."

"ಅಮ್ಮ, ಸುಲಭವಾಗಿ ಅಂದ್ರೆ ಯಾರ ಜೊತೆ ಹೋಲಿಸಿ?" ಅಂತ ಕೇಳಿದಳು.

"ಸುಮ್ನೆ ನಿನಗೆ ಅನ್ನಿಸಿದ್ದು ಹಾಕು" ಅಂದೆ.

ಅವಳು 4 ಹಾಕಿದಳು. ಅದೇ ಪ್ರಶ್ನೆಗೆ ಅಕ್ಕನ ಮಗ ಎಷ್ಟು ಹಾಕಿದ್ದಾನೆ ಅಂತ ಆಮೇಲೆ ನೋಡಿದೆ. 8 ಇತ್ತು.

ಈಗ ಇಬ್ಬರ ಮಾರ್ಕ್ಸ್ ಹೇಳುತ್ತೇನೆ. ಆ ವರ್ಷದ ಪರೀಕ್ಷೆಯಲ್ಲಿ ಗಣಿತಕ್ಕೆ ಮಗಳಿಗೆ 81 ಬಂದಿತ್ತು, ಅವನಿಗೆ 79.

ಅವಳು ಕೇಳಿದ ಪ್ರಶ್ನೆ ಎಷ್ಟು ಸರಿಯಾಗಿತ್ತು ಅಂತ ನನಗೆ ಅರ್ಥವಾಗಿದ್ದು ಎಷ್ಟೋ ತಿಂಗಳ ಮೇಲೆ. ಎರಡನೇ ಭೇಟಿಯಲ್ಲಿ ಸಿಕ್ಕ ಕೌನ್ಸೆಲರ್ ಒಂದು ಚೀಟಿಯಲ್ಲಿ ಕೆಲವು ಹೆಸರು ಬರೆದು ಕೊಟ್ಟಿದ್ದರು. ವಾರ್ಡ್ ತಣ್ಣಗಿದ್ದ ರಾತ್ರಿಗಳಲ್ಲಿ ಅವುಗಳನ್ನು ಹುಡುಕಿ ಹುಡುಕಿ ಓದಿದೆ. ಹರ್ಬರ್ಟ್ ಮಾರ್ಷ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಇದನ್ನೇ ಬಿಡಿಸಿ ಹೇಳಿದ್ದಾರೆ. ಮಕ್ಕಳು ತಮ್ಮನ್ನು ಎರಡು ಕಡೆಯಿಂದ ಅಳೆದುಕೊಳ್ಳುತ್ತಾರೆ. ಒಂದು, ಪಕ್ಕದಲ್ಲಿ ಕೂತವರ ಜೊತೆ. ಇನ್ನೊಂದು, ತಮ್ಮದೇ ಬೇರೆ ವಿಷಯಗಳ ಜೊತೆ. ಭಾಷೆಯಲ್ಲಿ ತುಂಬಾ ಚೆನ್ನಾಗಿರುವ ಮಗುವಿಗೆ, ಗಣಿತ ಚೆನ್ನಾಗಿದ್ದರೂ, ಅದರ ಪಕ್ಕದಲ್ಲಿ ಮಂಕಾಗಿ ಕಾಣುತ್ತದೆ.

ನಮ್ಮ ಮನೆಯಲ್ಲಿ ಆಗಿದ್ದು ಅದೇ. ಮಗಳಿಗೆ ಭಾಷೆಯಲ್ಲಿ 94. ಅವಳ ಪಕ್ಕದ ಬೆಂಚಿನ ಹುಡುಗಿಗೆ ಗಣಿತದಲ್ಲಿ 98. ಎರಡು ಕಡೆಯಿಂದ ನೋಡಿದರೂ 81 ಚಿಕ್ಕದೇ. ಅಕ್ಕನ ಮಗನಿಗೆ ಭಾಷೆಯಲ್ಲಿ 58. ಅವನ ಪಾಲಿಗೆ 79 ಅಂದರೆ ಮನೆಯ ಹೆಮ್ಮೆ. ಅಕ್ಕ ಎಲ್ಲರ ಹತ್ತಿರ "ಇವನು ಲೆಕ್ಕದಲ್ಲಿ ಹುಷಾರು" ಅಂತಲೇ ಹೇಳಿಕೊಂಡು ಬಂದಿದ್ದಳು. ನಾನು ಮಗಳ ಬಗ್ಗೆ ಹೇಳುತ್ತಿದ್ದಿದ್ದು "ಇವಳು ಕತೆ ಪುಸ್ತಕದ ಹುಳ" ಅಂತ.

ಹುಡುಗ, ಹುಡುಗಿ ಅನ್ನುವುದೂ ಇದರಲ್ಲಿ ಸೇರಿಕೊಂಡಿದೆ. ಶೆಲ್ಲಿ ಕೊರೆಲ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಶಾಲಾ ಮಕ್ಕಳ ಮಾಹಿತಿ ಇಟ್ಟುಕೊಂಡು 2001ರಲ್ಲಿ ಬರೆದ ಲೇಖನ ಓದಿ ನನಗೆ ಆ ರಾತ್ರಿ ಬಹಳ ಬೇಜಾರಾಯಿತು. ಗಣಿತದಲ್ಲಿ ಒಂದೇ ಮಟ್ಟದ ಮಾರ್ಕ್ಸ್ ಇದ್ದರೂ ಹುಡುಗರು ತಮ್ಮನ್ನು ಜಾಸ್ತಿ ಎಂದು ಅಂದುಕೊಳ್ಳುತ್ತಾರೆ, ಹುಡುಗಿಯರು ಕಮ್ಮಿ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡಿದ್ದು ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಗಣಿತ ಹೆಚ್ಚಿರುವ ಕೋರ್ಸ್ ಹಿಡಿಯುತ್ತಾರಾ ಬಿಡುತ್ತಾರಾ ಅನ್ನುವುದರ ಮೇಲೂ ಅದರ ಪ್ರಭಾವ ಇರುತ್ತದೆ.

ಸರಿ, ರಿಪೋರ್ಟ್‌ಗೆ ಬರುತ್ತೇನೆ.

ನೋಡಲು ಚೆಂದ ಇದೆ. ದಪ್ಪ ಕಾಗದ, ಬಣ್ಣದ ಪಟ್ಟಿಗಳು. 7ನೇ ಪುಟದಲ್ಲಿ "ನಿಮ್ಮ ಸಾಮರ್ಥ್ಯಗಳು" ಅಂತ ತಲೆಬರಹ. ಮಗಳ ರಿಪೋರ್ಟ್‌ನಲ್ಲಿ ಭಾಷೆಯ ಪಟ್ಟಿ ಹಸಿರು, ಉದ್ದಕ್ಕೆ. "ಸಂಖ್ಯಾ ಸಾಮರ್ಥ್ಯ" ಅನ್ನುವುದು ಕೆಂಪು, ಮೋಟಾಗಿ. ಪಕ್ಕದಲ್ಲಿ "ಕಡಿಮೆ" ಅಂತ ಒಂದು ಪದ. ಅಕ್ಕನ ಮಗನದ್ದು ಅದೇ ಜಾಗದಲ್ಲಿ ಹಸಿರು, "ಉತ್ತಮ".

ನಾನು ಎರಡು ಸ್ಟಾರ್ ಕೊಟ್ಟಿದ್ದು ಈ ಪುಟಕ್ಕೆ. ಈ ಪಟ್ಟಿ ಎಲ್ಲಿಂದ ಬಂತು? 140 ಪ್ರಶ್ನೆಗಳಲ್ಲಿ ಒಂದಾದರೂ ಲೆಕ್ಕ ಇತ್ತಾ? ಇರಲಿಲ್ಲ. ನಾನು ಆಮೇಲೆ ಒಂದೊಂದೇ ಪ್ರಶ್ನೆ ತೆಗೆದು ನೋಡಿದೆ. ಎಲ್ಲವೂ "ನನಗೆ ಸುಲಭ", "ನಾನು ಚೆನ್ನಾಗಿ ಮಾಡುತ್ತೇನೆ", "ನನಗೆ ಭಯವಾಗುತ್ತದೆ" ಈ ಥರದವು. ಅಂದರೆ ಅವಳು ತನ್ನ ಬಗ್ಗೆ ಏನು ಅಂದುಕೊಂಡಿದ್ದಾಳೋ ಅದನ್ನೇ ಕೇಳಿ, ಅದಕ್ಕೇ "ಸಾಮರ್ಥ್ಯ" ಅಂತ ಹೆಸರಿಟ್ಟು, ಬಣ್ಣ ಹಚ್ಚಿ ವಾಪಸ್ ಕೊಟ್ಟಿದ್ದಾರೆ. ಆಸ್ಪತ್ರೆಯಲ್ಲಿ ರೋಗಿಯನ್ನು "ನಿಮಗೆ ಜ್ವರ ಎಷ್ಟಿರಬಹುದು ಅನ್ನಿಸುತ್ತದೆ?" ಅಂತ ಕೇಳಿ, ಅವರು ಹೇಳಿದ್ದನ್ನು ಥರ್ಮಾಮೀಟರಿನ ಅಂಕಿ ಅಂತ ಚಾರ್ಟಿನಲ್ಲಿ ಬರೆದರೆ ನನ್ನ ಕೆಲಸ ಹೋಗುತ್ತದೆ. ರೋಗಿಗೆ ಹೇಗನ್ನಿಸುತ್ತದೆ ಅನ್ನುವುದೂ ನಮಗೆ ಬೇಕು, ಅದನ್ನೂ ಬರೆಯುತ್ತೇವೆ. ಆದರೆ ಬೇರೆ ಕಾಲಮ್ಮಿನಲ್ಲಿ.

ಮಗಳು 7ನೇ ಪುಟ ನೋಡಿ ಅಳಲಿಲ್ಲ, ವಾದ ಮಾಡಲಿಲ್ಲ. "ನನಗೆ ಗೊತ್ತಿತ್ತು" ಅಂತ ರಿಪೋರ್ಟ್ ಮುಚ್ಚಿಟ್ಟಳು. ತಾನು ಹೇಳಿದ್ದೇ ತಿರುಗಿ ಬಂದಿದೆ ಅಂತ ಅವಳಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಯಾರೋ ಅಳೆದು ಹೇಳಿದ್ದಾರೆ ಅಂತ ಇಬ್ಬರೂ ನಂಬಿದೆವು.

ಅವಳಿಗೆ ಇಷ್ಟ ಇದ್ದಿದ್ದು ಸಂಖ್ಯಾಶಾಸ್ತ್ರ. ಯಾಕೆ ಅಂತ ಹೇಳಬೇಕು. ನನ್ನ ಅತ್ತೆಗೆ ಬಿಪಿ ಇದೆ. ಬೆಳಿಗ್ಗೆ, ಸಂಜೆ ನೋಡಿ ಬರೆದಿಡಿ ಅಂತ ಡಾಕ್ಟರ್ ಹೇಳಿದ್ದರು. ಬರೆಯುವ ಕೆಲಸ ಮಗಳು ತೆಗೆದುಕೊಂಡಳು. ಆಗ ಅವಳಿಗೆ ಹದಿನೈದು. ಐದಾರು ತಿಂಗಳಲ್ಲಿ ನೋಟ್‌ಬುಕ್ ತುಂಬಾ ಅಂಕಿ. ಒಂದು ದಿನ ಅದನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಹಾಕಿ ತೋರಿಸಿದಳು. "ಅಮ್ಮ, ಒಂದೊಂದು ದಿನ ನೋಡಿದರೆ ಏನೂ ಗೊತ್ತಾಗಲ್ಲ. ಎಲ್ಲ ಸೇರಿಸಿದರೆ ಬೆಳಿಗ್ಗೆ ಮಾತ್ರೆಗೆ ಮುಂಚೆಯೇ ಜಾಸ್ತಿ ಇದೆ ಅಂತ ಕಾಣುತ್ತೆ ನೋಡು." ಡಾಕ್ಟರ್ ಆ ಹಾಳೆ ನೋಡಿ ಮಾತ್ರೆಯ ಸಮಯ ಬದಲಿಸಿದರು. ಅವತ್ತಿನಿಂದ ಅವಳ ತಲೆಯಲ್ಲಿ ಕೂತ ವಿಷಯ ಅದು.

ರಿಪೋರ್ಟ್‌ನ 22ನೇ ಪುಟದಲ್ಲಿ ಸಂಖ್ಯಾಶಾಸ್ತ್ರ "ನಿಮಗೆ ಹೊಂದದ ಕೋರ್ಸ್‌ಗಳು" ಪಟ್ಟಿಯಲ್ಲಿತ್ತು. ಹೊಂದುವ ಪಟ್ಟಿಯಲ್ಲಿ ಸಾಹಿತ್ಯ, ಪತ್ರಿಕೋದ್ಯಮ, ಮನಶ್ಶಾಸ್ತ್ರ. ಯಾವುದೂ ಕೆಟ್ಟ ವಿಷಯವಲ್ಲ, ಇಷ್ಟ ಇದ್ದು ಓದಿದರೆ. ಆದರೆ ಅಂಕಿ ಬರಲ್ಲ ಅಂತ ಹೇಳಿ ಮನಶ್ಶಾಸ್ತ್ರಕ್ಕೆ ಕಳಿಸುವುದು ಹೇಗೆ? ಮನಶ್ಶಾಸ್ತ್ರ ಮುಖ್ಯ ವಿಷಯವಾಗಿ ಓದುವವರಿಗೆ ಸಂಖ್ಯಾಶಾಸ್ತ್ರದ ಪಾಠ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪಟ್ಟಿ ಮಾಡಿದವರಿಗೆ ಇದು ಗೊತ್ತಿರಬೇಕಿತ್ತು.

19ನೇ ಪುಟದ ಒಂದು ಸಾಲಂತೂ ತೆಗೆದೇ ಹಾಕಬೇಕು. ಗಣಿತ, ಭೌತಶಾಸ್ತ್ರ ಮತ್ತು ತತ್ವಶಾಸ್ತ್ರಕ್ಕೆ "ಹುಟ್ಟಿನಿಂದ ಬಂದ ಪ್ರತಿಭೆ ಅಗತ್ಯ" ಅಂತ ಬರೆದಿದ್ದಾರೆ. ಇಂಥ ಮಾತು ಏನು ಮಾಡುತ್ತದೆ ಅನ್ನುವುದರ ಬಗ್ಗೆ 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿದೆ. ಸಾರಾ-ಜೇನ್ ಲೆಸ್ಲಿ, ಆಂಡ್ರೆ ಸಿಂಪಿಯನ್ ಮತ್ತು ಜೊತೆಗಾರರು 30 ವಿಷಯಗಳ 1,800ಕ್ಕೂ ಹೆಚ್ಚು ವಿದ್ವಾಂಸರನ್ನು ಕೇಳಿ ಮಾಡಿದ್ದು. ಯಾವ ವಿಷಯದವರು "ಇದಕ್ಕೆ ಹುಟ್ಟು ಜಾಣತನ ಬೇಕು" ಅಂತ ಹೆಚ್ಚು ನಂಬುತ್ತಾರೋ, ಆ ವಿಷಯಗಳಲ್ಲಿ ಪಿಎಚ್‌ಡಿ ಪಡೆಯುವ ಹೆಂಗಸರು ಕಮ್ಮಿ. ಎರಡು ವರ್ಷದ ನಂತರ, 2017ರಲ್ಲಿ, ಲಿನ್ ಬಿಯಾನ್ ಜೊತೆ ಅವರಿಬ್ಬರು ಚಿಕ್ಕ ಮಕ್ಕಳನ್ನು ನೋಡಿದರು. "ತುಂಬಾ ತುಂಬಾ ಜಾಣರು" ಯಾರು ಅಂತ ಕೇಳಿದರೆ 5 ವರ್ಷದ ಹುಡುಗಿಯರು ಹುಡುಗರಷ್ಟೇ ಧೈರ್ಯವಾಗಿ ತಮ್ಮವರನ್ನು ತೋರಿಸುತ್ತಾರೆ. 6 ವರ್ಷಕ್ಕೆ ಬರುವಷ್ಟರಲ್ಲಿ ಹಾಗೆ ತೋರಿಸುವುದು ಕಡಿಮೆಯಾಗುತ್ತದೆ. ಆರು ವರ್ಷಕ್ಕೇ ಶುರುವಾಗಿದ್ದನ್ನು ಹದಿನೇಳಕ್ಕೆ ಅಚ್ಚು ಹಾಕಿಸಿ ಕೈಗೆ ಕೊಟ್ಟರೆ ಆ ಹುಡುಗಿ ಏನು ಮಾಡಬೇಕು?

ರಿಪೋರ್ಟ್‌ನಲ್ಲಿ ಒಳ್ಳೆಯದೂ ಇದೆ. "ನಿಮಗೆ ಏನು ಇಷ್ಟ" ಅನ್ನುವ ಭಾಗ ಚೆನ್ನಾಗಿದೆ. ಯಾವ ಕೆಲಸ ಮಾಡುವಾಗ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ ಅಂತ ಕೇಳಿದ್ದಾರೆ. ಅಲ್ಲಿ ಮಗಳು ಅಜ್ಜಿಯ ಬಿಪಿ ನೋಟ್‌ಬುಕ್ ಬಗ್ಗೆ ಬರೆದಿದ್ದಳು. ಇಷ್ಟ ಅನ್ನುವುದಕ್ಕೆ ಬೆಲೆ ಕಮ್ಮಿ ಏನಲ್ಲ. ವಿಸ್ವಾಲ್ ಮತ್ತು ಜಫರ್ ಎಂಬ ಅರ್ಥಶಾಸ್ತ್ರಜ್ಞರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿ 2015ರಲ್ಲಿ ಪ್ರಕಟಿಸಿದ್ದರಲ್ಲಿ, ಮುಂದೆ ಬರುವ ಸಂಬಳ, ತಮ್ಮ ಸಾಮರ್ಥ್ಯದ ಅಂದಾಜು ಎರಡೂ ಲೆಕ್ಕಕ್ಕೆ ಬಂದರೂ ವಿಷಯದ ಮೇಲಿನ ಒಲವೇ ದೊಡ್ಡದಾಗಿ ಕಂಡಿತು. ಬೇಸರದ ಸಂಗತಿ ಅಂದರೆ, ನಮ್ಮ ರಿಪೋರ್ಟ್‌ನಲ್ಲಿ ಆ ಭಾಗದಿಂದ 22ನೇ ಪುಟಕ್ಕೆ ಏನೂ ಹರಿದು ಬಂದಿರಲಿಲ್ಲ.

ಮೊದಲ ಭೇಟಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಒಬ್ಬ ಯುವಕ, ತುಂಬಾ ಮರ್ಯಾದೆಯಿಂದ ಮಾತನಾಡಿದರು. ರಿಪೋರ್ಟ್ ಓದಿ ಹೇಳಿದರು. ಅದನ್ನು ನಾವೇ ಓದಿದ್ದೆವು.

ಎರಡನೇ ಭೇಟಿಯ ಹೊತ್ತಿಗೆ ಅವರು ರಜೆಯಲ್ಲಿದ್ದರು. ಅವರ ಬದಲು ಸ್ವಲ್ಪ ವಯಸ್ಸಾದ ಮೇಡಂ ಒಬ್ಬರು ಬಂದರು. ರಿಪೋರ್ಟ್ ತೆಗೆದು ನೋಡಿ ಪಕ್ಕಕ್ಕಿಟ್ಟರು. "ಮೂರು ವರ್ಷದ ಮಾರ್ಕ್ಸ್ ಕಾರ್ಡ್ ತಂದಿದ್ದೀರಾ?" ಅಂದರು. ತಂದಿರಲಿಲ್ಲ, ತನ್ನಿ ಅಂತ ಯಾರೂ ಹೇಳಿರಲಿಲ್ಲ. ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಎಲ್ಲ ಬರೆದುಕೊಂಡರು. ಆಮೇಲೆ ಮಗಳ ಮುಂದೆ ಎರಡು ಹಾಳೆ ಇಟ್ಟರು. 20 ಲೆಕ್ಕ. ಶೇಕಡಾವಾರು, ಬೀಜಗಣಿತ, ಸಂಭವನೀಯತೆ, ಒಂದೆರಡು ಗ್ರಾಫ್.

"ಈಗಲೇ ಬಿಡಿಸಬೇಡ ಮಗಳೇ. ಒಂದೊಂದನ್ನೂ ಓದು. ಕೈಲಾಗುತ್ತೆ ಅನ್ನಿಸಿದರೆ ಗುರುತು ಹಾಕು. ಇಲ್ಲ ಅಂದ್ರೆ ಖಾಲಿ ಬಿಡು."

ಮಗಳು 8ಕ್ಕೆ ಗುರುತು ಹಾಕಿದಳು.

"ಈಗ ಎಲ್ಲ ಬಿಡಿಸು. ಖಾಲಿ ಬಿಟ್ಟದ್ದನ್ನೂ."

ಮೂವತ್ತು ನಿಮಿಷ ನಾವಿಬ್ಬರೂ ಸುಮ್ಮನೆ ಕೂತಿದ್ದೆವು. ಮೇಡಂ ತಿದ್ದಿದರು. 15 ಸರಿ. ಗುರುತು ಹಾಕಿದ ಎಂಟೂ ಸರಿ. ಕೈಲಾಗಲ್ಲ ಅಂತ ಬಿಟ್ಟ 12ರಲ್ಲಿ 7 ಸರಿ. ಅವರು ಏನೂ ಉಪದೇಶ ಮಾಡಲಿಲ್ಲ. ಆ ಏಳು ಲೆಕ್ಕಗಳ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಮಗಳು ಆ ಹಾಳೆಯನ್ನು ಎಷ್ಟು ಹೊತ್ತು ನೋಡಿದಳು ಅಂದರೆ, ನನಗೆ ಏನಾದರೂ ಮಾತಾಡಬೇಕು ಅನ್ನಿಸಿತು. ಮೇಡಂ ಕಣ್ಣಲ್ಲೇ ಬೇಡ ಅಂದರು.

ಹೀಗೆ ನಿರ್ದಿಷ್ಟ ಲೆಕ್ಕ ಮುಂದಿಟ್ಟು "ಇದು ನಿನ್ನ ಕೈಲಾಗುತ್ತಾ" ಅಂತ ಕೇಳುವುದು ಹಳೆಯ ಪದ್ಧತಿಯಂತೆ. ನ್ಯಾನ್ಸಿ ಬೆಟ್ಜ್ ಮತ್ತು ಗೇಲ್ ಹ್ಯಾಕೆಟ್ 1983ರಲ್ಲೇ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಮಾಡಿದ್ದರು. ಗಣಿತ ಕೈಲಾಗುತ್ತದೆ ಅನ್ನುವ ನಂಬಿಕೆ ಹುಡುಗರಲ್ಲಿ ಜಾಸ್ತಿ ಇತ್ತು. ಆ ನಂಬಿಕೆಗೂ ವಿಜ್ಞಾನದ ಕಡೆಯ ಮುಖ್ಯ ವಿಷಯ ಆರಿಸುವುದಕ್ಕೂ ನಂಟಿತ್ತು. ಮೇಡಂ ಮಾಡಿದ್ದು ಅದರ ಮುಂದಿನ ಹೆಜ್ಜೆ, ನಂಬಿಕೆಯ ಪಕ್ಕದಲ್ಲೇ ನಿಜವಾದ ಉತ್ತರ ಇಡುವುದು. ಸಂಸ್ಥೆ ತನ್ನ 140 ಪ್ರಶ್ನೆಯ ಜಾಗದಲ್ಲಿ ಈ ಎರಡು ಹಾಳೆ ಇಟ್ಟರೂ ಸಾಕಿತ್ತು.

ಆಮೇಲೆ ಅವರು ಮಗಳಿಗೆ ನಾಲ್ಕು ಪ್ರಶ್ನೆ ಕೇಳಿದರು. ಗಣಿತದಲ್ಲಿ ಕಷ್ಟಪಟ್ಟು ಕೊನೆಗೆ ಬಿಡಿಸಿದ್ದು ಕಡೆಯದಾಗಿ ಯಾವಾಗ? ನಿನ್ನಂಥವರು ಯಾರಾದರೂ ಇದನ್ನು ಮಾಡಿದ್ದನ್ನು ನೋಡಿದ್ದೀಯಾ? ನಿನಗೆ ಬರುತ್ತೆ, ಬರಲ್ಲ ಅಂತ ಹೇಳಿದವರು ಯಾರು? ಪರೀಕ್ಷೆಯ ಹಾಲ್‌ನಲ್ಲಿ ಹೊಟ್ಟೆಯಲ್ಲಿ ಏನಾಗುತ್ತೆ? ಇವು ಸುಮ್ಮನೆ ಕೇಳಿದ ಪ್ರಶ್ನೆಗಳಲ್ಲ. 1977ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು, ತನ್ನ ಕೈಲಾಗುತ್ತದೆ ಅನ್ನುವ ನಂಬಿಕೆ ಈ ನಾಲ್ಕು ಕಡೆಯಿಂದ ಬರುತ್ತದೆ ಅಂತ ಹೇಳಿದ್ದರು: ತಾನೇ ಮಾಡಿ ಗೆದ್ದದ್ದು, ಬೇರೆಯವರು ಮಾಡಿದ್ದನ್ನು ನೋಡಿದ್ದು, ಮಾತಿನಿಂದ ಕೇಳಿದ್ದು, ಮೈಯಲ್ಲಿ ಆಗುವ ತಳಮಳ.

ಮೂರನೇ ಪ್ರಶ್ನೆಗೆ ಮಗಳು ಉತ್ತರ ಕೊಡದೆ ನನ್ನ ಕಡೆ ನೋಡಿದಳು.

ನಾನೇ ಹೇಳಿದೆ. "ಮೇಡಂ, ನಮ್ಮ ಮನೆತನದಲ್ಲೇ ಗಣಿತ ತಲೆಗೆ ಹತ್ತಲ್ಲ. ನನಗೂ ಬರುತ್ತಿರಲಿಲ್ಲ, ಅದಕ್ಕೇ ನರ್ಸಿಂಗ್ ತೆಗೆದುಕೊಂಡೆ." ಈ ಮಾತನ್ನು ನಾನು ಮನೆಯಲ್ಲಿ ನೂರಾರು ಸಲ ಹೇಳಿದ್ದೇನೆ. ಮಗಳು ಹೋಂವರ್ಕ್ ತಂದಾಗ, ಮಾರ್ಕ್ಸ್ ತಂದಾಗ, ಸಮಾಧಾನ ಆಗಲಿ ಅಂತಲೇ ಹೇಳಿದ್ದು.

"ನೀವು ಡ್ರಿಪ್ ಹಾಕ್ತೀರಲ್ಲ, ವೇಗ ಹೇಗೆ ಇಡ್ತೀರಾ?" ಅಂದರು ಮೇಡಂ.

"ಲೆಕ್ಕ ಹಾಕಿ ಇಡ್ತೀನಿ."

"ಸಾವಿರ ಎಂಎಲ್, ಎಂಟು ಗಂಟೆಯಲ್ಲಿ ಹೋಗಬೇಕು. ಒಂದು ಎಂಎಲ್‌ಗೆ ಇಪ್ಪತ್ತು ಹನಿಯ ಸೆಟ್."

"ನಲವತ್ತೆರಡು ಹನಿ, ನಿಮಿಷಕ್ಕೆ." ಯೋಚನೆ ಮಾಡದೆ ಬಾಯಿಗೆ ಬಂತು. ಸಾವಿರವನ್ನು ಇಪ್ಪತ್ತರಿಂದ ಗುಣಿಸಿ, ಎಂಟು ಗಂಟೆಯ ನಿಮಿಷ 480ರಿಂದ ಭಾಗಿಸಬೇಕು, 41.67, ಅಂದರೆ 42. ಮಕ್ಕಳ ವಾರ್ಡಿನಲ್ಲಿ ತೂಕಕ್ಕೆ ತಕ್ಕ ಡೋಸ್ ಇದಕ್ಕಿಂತ ಕಷ್ಟ. ಹತ್ತೊಂಬತ್ತು ವರ್ಷದಿಂದ ರಾತ್ರಿ ಮೂರು ಗಂಟೆಗೂ ತಪ್ಪದೆ ಮಾಡುತ್ತಿದ್ದೇನೆ. ಅದನ್ನು ಗಣಿತ ಅಂತ ಒಮ್ಮೆಯೂ ಕರೆದಿರಲಿಲ್ಲ.

ಮಗಳು ನನ್ನನ್ನೇ ನೋಡುತ್ತಿದ್ದಳು. ನನ್ನ ಕೆಲಸದಲ್ಲಿ ಲೆಕ್ಕ ಇದೆ ಅಂತ ಅವಳಿಗೆ ಅವತ್ತೇ ಗೊತ್ತಾಗಿದ್ದು. ನನಗೆ ಬಹಳ ನೋವಾಯಿತು. ನಾನು ಇಷ್ಟು ವರ್ಷ ಅವಳಿಗೆ ಏನು ಕಲಿಸಿದ್ದೆ ಅಂತ ಅಲ್ಲೇ ಕೂತು ಲೆಕ್ಕ ಹಾಕಿದೆ. ಚೀಟಿಯಲ್ಲಿದ್ದ ಇನ್ನೊಂದು ಅಧ್ಯಯನ ಇದರ ಬಗ್ಗೆಯೇ. ಎರಿನ್ ಮಲೋನಿ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ್ದು. ಗಣಿತದ ಭಯ ಹೆಚ್ಚಿರುವ ಅಪ್ಪ ಅಮ್ಮ ಮಕ್ಕಳ ಗಣಿತದ ಹೋಂವರ್ಕ್‌ಗೆ ಪದೇ ಪದೇ ಕೂತರೆ, ಒಂದನೇ ಎರಡನೇ ತರಗತಿಯ ಆ ಮಕ್ಕಳು ವರ್ಷದಲ್ಲಿ ಕಡಿಮೆ ಗಣಿತ ಕಲಿತರು, ವರ್ಷದ ಕೊನೆಗೆ ಭಯವೂ ಜಾಸ್ತಿ ಇತ್ತು. ಸಹಾಯಕ್ಕೆ ಕೂರದಿದ್ದಾಗ ಹಾಗೆ ಆಗಿರಲಿಲ್ಲ.

ಮುಕ್ಕಾಲು ಗಂಟೆಯ ಭೇಟಿ ಒಂದೂಕಾಲು ಗಂಟೆ ನಡೆಯಿತು. ಮೇಡಂ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಯಾವ ಕೋರ್ಸ್ ತೆಗೆದುಕೋ ಅಂತಲೂ ಹೇಳಲಿಲ್ಲ. "ಕೆಂಪು ಪಟ್ಟಿ ನೋಡಿ ಬಿಡಬೇಡ. ಬಿಡುವುದಾದರೆ ಸಂಖ್ಯಾಶಾಸ್ತ್ರದ ಮೊದಲ ವರ್ಷದ ಪುಸ್ತಕ ಎರಡು ತಿಂಗಳು ಓದಿ, ಇಷ್ಟ ಆಗದಿದ್ದರೆ ಬಿಡು" ಅಂದರು. ಐದು ಸ್ಟಾರ್ ಇವರಿಗೆ. ಆದರೆ ಇವರು ಸಿಕ್ಕಿದ್ದು ಇನ್ನೊಬ್ಬರು ರಜೆ ಹಾಕಿದ್ದರಿಂದ. ಹಣ ಕೊಡುವ ಎಲ್ಲರಿಗೂ ಇದು ಸಿಗಬೇಕು ಅಲ್ವಾ?

ಮಾರನೇ ದಿನ ಅಕ್ಕನ ಮಗನ ಸರದಿ. ಅದೇ ಮೇಡಂ, ಅದೇ ಹಾಳೆ. ಅವನು 18ಕ್ಕೆ ಗುರುತು ಹಾಕಿ 14 ಸರಿ ಮಾಡಿದ. ಮಗಳಿಗಿಂತ ಒಂದೇ ಕಮ್ಮಿ. ಅವನ ರಿಪೋರ್ಟ್ ಕಂಪ್ಯೂಟರ್ ಸೈನ್ಸ್ ಅಂತ ಹೇಳಿತ್ತು. ಪ್ರೋಗ್ರಾಮಿಂಗ್ ಬಗ್ಗೆ ಪ್ರಶ್ನೆಗೆ ಅವನು 9 ಹಾಕಿದ್ದ. ಆವರೆಗೆ ಒಂದು ಸಾಲು ಪ್ರೋಗ್ರಾಂ ಕೂಡ ಬರೆದಿರಲಿಲ್ಲ. ಮೇಡಂ ಅವನಿಗೂ ಅದೇ ಥರ ಹೇಳಿದರು, ಒಂದು ತಿಂಗಳು ದಿನಾ ಚಿಕ್ಕ ಚಿಕ್ಕ ಪ್ರೋಗ್ರಾಂ ಬರೆದು ನೋಡು, ಆಮೇಲೆ ಸೇರು. ಮನೆಯಲ್ಲಿ ಯಾರಿಗೂ ಅದು ಬೇಕು ಅನ್ನಿಸಲಿಲ್ಲ. ಹಸಿರು ಪಟ್ಟಿ ಇತ್ತಲ್ಲ.

ಮೊದಲ ಸೆಮಿಸ್ಟರ್ ಮುಗಿದ ಮೇಲೆ ಫೋನ್ ಮಾಡಿದ. "ಚಿಕ್ಕಮ್ಮ, ಎಲ್ಲರೂ ಹತ್ತು ನಿಮಿಷದಲ್ಲಿ ಮಾಡೋದು ನನಗೆ ಇಡೀ ರಾತ್ರಿ ಬೇಕು. ಅಮ್ಮಂಗೆ ಹೇಗೆ ಹೇಳಲಿ?" ಎರಡು ಪೇಪರ್ ಹೋಗಿತ್ತು. ಅವನ ದನಿ ಕೇಳಿ ನನಗೆ ಅವನ ಮೇಲೆ ಸ್ವಲ್ಪವೂ ಸಿಟ್ಟು ಬರಲಿಲ್ಲ. ಅವನಂಥವರು ಬಹಳ ಜನ. ಸ್ಟೈನ್‌ಬ್ರಿಕ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಬೆರಿಯಾ ಕಾಲೇಜಿನ ವಿದ್ಯಾರ್ಥಿಗಳನ್ನು ಸೇರಿದ ದಿನದಿಂದ ಮತ್ತೆ ಮತ್ತೆ ಕೇಳುತ್ತಾ ಹೋಗಿ 2014ರಲ್ಲಿ ಪ್ರಕಟಿಸಿದ್ದು ಇದೇ ಕತೆ. ಶುರುವಿನಲ್ಲಿ ವಿಜ್ಞಾನ ಓದುತ್ತೇವೆ ಅನ್ನುವವರು ತುಂಬಾ. ತಮಗೆ ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವ ಅಂದಾಜು ಆಗ ಬಹಳ ಮೇಲಿರುತ್ತದೆ. ಮಾರ್ಕ್ಸ್ ಬರುತ್ತಾ ಹೋದಂತೆ ಅಂದಾಜು ಇಳಿಯುತ್ತದೆ, ಎಷ್ಟೋ ಜನ ಬೇರೆ ವಿಷಯಕ್ಕೆ ಹೋಗುತ್ತಾರೆ. ಮಾಡಿ ನೋಡಿದ ಮೇಲೆ ಗೊತ್ತಾಗುವುದು ತಪ್ಪಲ್ಲ. ಸೇರುವ ಮುಂಚೆ ಒಂದು ತಿಂಗಳಲ್ಲಿ ಗೊತ್ತಾಗಬಹುದಾಗಿದ್ದಕ್ಕೆ ಆರು ತಿಂಗಳು ಮತ್ತು ಎಷ್ಟೋ ನಿದ್ದೆಗೆಟ್ಟ ರಾತ್ರಿ ಹೋಯಿತು, ಅದು ನನ್ನ ಸಂಕಟ. ಈಗ ಅವನು ಭೂಗೋಳ ಓದುತ್ತಿದ್ದಾನೆ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ ಹಿಡಿಸಿದೆ. ಅದಕ್ಕೆ ಬೇಕಾದಷ್ಟು ಪ್ರೋಗ್ರಾಮಿಂಗ್ ನಿಧಾನವಾಗಿ ಕಲಿಯುತ್ತಿದ್ದಾನೆ.

ಮಗಳು ಎರಡು ತಿಂಗಳು ಪುಸ್ತಕ ಓದಿದಳು. ಸಂಖ್ಯಾಶಾಸ್ತ್ರಕ್ಕೇ ಸೇರಿದಳು.

ಇಲ್ಲಿಗೆ ಎಲ್ಲ ಸುಖವಾಯಿತು ಅಂತ ಹೇಳಲಾರೆ. ಮೊದಲ ಸೆಮಿಸ್ಟರ್‌ನ ಸಂಭವನೀಯತೆಯ ಪೇಪರ್‌ನಲ್ಲಿ 52 ಬಂತು. ಹಾಸ್ಟೆಲ್‌ನಿಂದ ಫೋನ್ ಮಾಡಿ ಅವಳು ಹೇಳಿದ ಮೊದಲ ಮಾತು, "ಅಮ್ಮ, ರಿಪೋರ್ಟ್ ಸರಿ ಇತ್ತು." ಒಂದು ವರ್ಷದ ಹಿಂದಿನ ಒಂದು ಕೆಂಪು ಪಟ್ಟಿ ಇನ್ನೂ ಅವಳೊಳಗೆ ಕೂತಿತ್ತು. ಆ ಸಂಸ್ಥೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಈ ಒಂದು ವಾಕ್ಯ ಎರಡು ಸಲ ಓದಿ.

ಅವಳ ತರಗತಿಯಲ್ಲಿ ಈಗ ಎಲ್ಲರೂ ಗಣಿತ ಇಷ್ಟಪಟ್ಟು ಬಂದವರೇ. ಶಾಲೆಯಲ್ಲಿ ಪಕ್ಕದ ಬೆಂಚಿನಲ್ಲಿ ಒಬ್ಬಳಿದ್ದಳು, ಇಲ್ಲಿ ಸುತ್ತಲೂ ಅಂಥವರೇ. ಮಾರ್ಷ್ ಇದನ್ನೂ ಬರೆದಿದ್ದಾರೆ. ಅಷ್ಟೇ ಜಾಣ ಮಗು ಹೆಚ್ಚು ಜಾಣರ ನಡುವೆ ಕೂತರೆ ತನ್ನನ್ನು ಕಮ್ಮಿ ಅಂದುಕೊಳ್ಳುತ್ತದೆ. ನಾನು ಅವತ್ತು ಫೋನಿನಲ್ಲಿ "ನಮ್ಮ ಮನೆತನಕ್ಕೇ ಅಷ್ಟು" ಅಂತ ಹೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ತಡೆದೆ. "ಯಾವ ಪ್ರಶ್ನೆ ತಪ್ಪಾಯಿತು, ಒಂದೊಂದೇ ಓದಿ ಹೇಳು" ಅಂದೆ. ಅರ್ಧ ಗಂಟೆ ಓದಿದಳು. ನನಗೆ ಅರ್ಧ ಅರ್ಥವಾಗಲಿಲ್ಲ. ಓದುತ್ತಾ ಓದುತ್ತಾ ಎರಡು ಕಡೆ ಅವಳೇ "ಓ, ಇದು ಗೊತ್ತಿತ್ತು" ಅಂದಳು. ಎರಡನೇ ಸೆಮಿಸ್ಟರ್‌ನಲ್ಲಿ 67. ತರಗತಿಯಲ್ಲಿ ಮೊದಲ ಸ್ಥಾನದವಳಲ್ಲ ಅವಳು. ಆದರೆ ವಿಷಯ ಬಿಡುವ ಮಾತು ಆಡುತ್ತಿಲ್ಲ.

ಹಾಗಾದರೆ ಈ ಸೇವೆಗೆ ದುಡ್ಡು ಕೊಡಬಹುದಾ? ಮಗುವಿಗೆ ಏನು ಬೇಕು ಅಂತ ಗೊತ್ತಿದ್ದು, ಕೈಲಾಗುತ್ತಾ ಅನ್ನುವ ಅನುಮಾನ ಮಾತ್ರ ಇದ್ದರೆ, ಎರಡನೇ ಭೇಟಿಗೋಸ್ಕರ ಕೊಡಿ. ಏನೂ ತೋಚದ ಮಗುವಾದರೆ "ನಿಮಗೆ ಏನು ಇಷ್ಟ" ಭಾಗಕ್ಕೆ ಕೊಡಬಹುದು. ಸಾಮರ್ಥ್ಯ ತಿಳಿಯಲು ಅಂತ ಕೊಡುವುದಾದರೆ ಬೇಡ, ಅದನ್ನು ಅವರು ಅಳೆಯುವುದಿಲ್ಲ. ಮಾರ್ಕ್ಸ್ ಕಾರ್ಡ್ ಮರೆಯದೆ ತೆಗೆದುಕೊಂಡು ಹೋಗಿ. 7ನೇ ಪುಟವನ್ನು ಮಗುವಿಗೆ ತೋರಿಸುವ ಮುಂಚೆ ಕೌನ್ಸೆಲರ್ ನೋಡಲಿ. ಮನೆಯಲ್ಲಿ "ಇವಳಿಗೆ ಬರಲ್ಲ, ಇವನಿಗೆ ಬರುತ್ತೆ" ಅಂತ ಹೇಳುವವರು ಯಾರಿದ್ದಾರೋ ಅವರೂ ಆ ಭೇಟಿಗೆ ಹೋಗಲಿ.

ಮುಂದಿನ ತಿಂಗಳು ಅಕ್ಕನ ಚಿಕ್ಕ ಮಗಳ ಸರದಿ. ಅದೇ ಮೇಡಂ ಬೇಕು, 20 ಲೆಕ್ಕದ ಹಾಳೆಯಿಂದಲೇ ಶುರು ಮಾಡಬೇಕು ಅಂತ ಫೋನ್ ಮಾಡಿ ಕೇಳಿದೆ. ಒಪ್ಪಿದರು. 140 ಪ್ರಶ್ನೆಯಂತೂ ಬಿಡುವ ಹಾಗಿಲ್ಲ, ಅದು ನಿಯಮ ಅಂದರು. ಸರಿ, ತುಂಬುತ್ತಾಳೆ. ಮೇಡಂ ಹತ್ತಿರ ಹೋಗಿ ಬಂದ ಮೇಲೆ, ಸಂಜೆ ಕೂತು ತುಂಬು ಅಂತ ಹೇಳಿದ್ದೇನೆ.